ಇಬ್ಬರಿಗೊಂದು ನೋಟು

ಕಂಡಕ್ಟರ್ ಬೋರಣ್ಣನ ಚೀಲದಲ್ಲಿ ಚಿಲ್ಲರೆ ಇದ್ದದ್ದನ್ನು ನಾನಂತೂ ನೋಡಿದವನಲ್ಲ. ಚೀಲ ಮಾತ್ರ ನಡೆದಾಗಲೆಲ್ಲ ಝಣಝಣ ಎನ್ನುತ್ತಿತ್ತು. "ಒಳಗೇನಿದೆ ಬೋರಣ್ಣ?" ಎಂದರೆ "ಬೀಗದ ಕೈ ಸಾರ್" ಎನ್ನುತ್ತಿದ್ದ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೋಗುವ ಆ ಖಾಸಗಿ ಬಸ್ಸಿನಲ್ಲಿ ದೊಡ್ಡ ನೋಟು ಕೊಟ್ಟವರಿಗೆ ಚಿಲ್ಲರೆ ಸಿಗುತ್ತಿರಲಿಲ್ಲ, ಜೊತೆಗಾರರು ಸಿಗುತ್ತಿದ್ದರು. ಐವತ್ತು ರೂಪಾಯಿ ಟಿಕೆಟ್ಟಿಗೆ ಇಬ್ಬರು ನೂರು ನೂರು ಕೊಟ್ಟರೆನ್ನಿ. ಒಂದು ನೋಟನ್ನು ಇಟ್ಟುಕೊಂಡು ಇನ್ನೊಂದನ್ನು ಒಬ್ಬರ ಕೈಗಿಟ್ಟು, ಮತ್ತೊಬ್ಬರ ಭುಜ ಮುಟ್ಟಿ, "ಇಳಿದ್ ಮ್ಯಾಲೆ ನೀವ್ ನೀವೇ ನೋಡ್ಕಳಿ" ಎಂದು ಮುಂದಕ್ಕೆ ಸರಿದುಬಿಡುತ್ತಿದ್ದ.

ಈ ಕೆಲಸವನ್ನು ನಮ್ಮ ಕಡೆಯ ಎಲ್ಲ ಕಂಡಕ್ಟರುಗಳೂ ಮಾಡುತ್ತಾರೆ. ಆದರೆ ಉಳಿದವರು ಕೈಗೆ ಸಿಕ್ಕವರನ್ನು ಗಂಟು ಹಾಕುತ್ತಾರೆ. ಬೋರಣ್ಣ ಆರಿಸುತ್ತಿದ್ದ. ಮುಂದಿನ ಸೀಟಿನವರನ್ನು ಬಿಟ್ಟು, ಹಿಂದೆ ಮೂಲೆಯಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿ ಜೋಡಿ ಮಾಡುತ್ತಿದ್ದ. ಇದು ನನಗೆ ಮೊದಮೊದಲು ಗೊತ್ತಿರಲಿಲ್ಲ.

ನನ್ನ ಮನೆ ಹಳೇಬೀಡಿನಲ್ಲಿ, ಕೆರೆಯ ಕಡೆ. ಅಂಗಡಿ ಅರಸೀಕೆರೆಯಲ್ಲಿ, ಕನ್ನಡಕದ ಅಂಗಡಿ. ಬೆಳಿಗ್ಗೆ ಹೋಗುವುದೂ ಸಂಜೆ ಬರುವುದೂ ಬೋರಣ್ಣನ ಬಸ್ಸಿನಲ್ಲೇ. ಅಂಗಡಿ ತೆರೆದ ಹೊಸತರಲ್ಲಿ ಒಂದು ಸಂಜೆ ಅವನು ನನ್ನನ್ನು ಒಬ್ಬ ಕುರಿ ವ್ಯಾಪಾರಿಯ ಜೊತೆ ಗಂಟು ಹಾಕಿದ. ಹಳೇಬೀಡಿನಲ್ಲಿ ಇಳಿದರೆ ಏನೂ ಕೊಳ್ಳದೆ ನೋಟು ಮುರಿದುಕೊಡುವ ಅಂಗಡಿಯೇ ಇಲ್ಲ. ಬೇಡದ ಟೀ ಕುಡಿದು, ಕುರಿಗಳ ಕಾಲುಬಾಯಿ ಬೇನೆಯ ಕಥೆ ಕೇಳಿ ನನ್ನ ಪಾಲು ಪಡೆಯಬೇಕಾಯಿತು. ನಾನು ಸ್ವಲ್ಪ ಮುಂಗೋಪಿ. ಮರುದಿನ ಬಸ್ ಹತ್ತುತ್ತಲೇ "ನಾನೇನು ನಿನ್ನ ಹತ್ತಿರ ನೆಂಟಸ್ತನ ಕುದುರಿಸು ಅಂತ ಕೇಳಿದ್ದೆನಾ?" ಎಂದು ಹಾರಾಡಿದೆ. ಬೋರಣ್ಣ ತಣ್ಣಗೆ, "ಆ ವಯ್ಯ ಟಿಕೆಟ್ ಓದಕೆ ಕೈನ ಕಿಟಕಿಯಿಂದ ಆಚೆಗ್ ಚಾಚಿ ಹಿಡೀತಿದ್ದ ಸಾರ್. ಅದ್ಕೇ ನಿಮ್ ಜೊತೆ ಹಾಕ್ದೆ" ಎಂದ. ಆ ವಾರವೇ ಕುರಿ ವ್ಯಾಪಾರಿ ಅಂಗಡಿಗೆ ಬಂದ. ಒಂದು ಕನ್ನಡಕ ತಾನು ಕೊಂಡ, ಹೆಂಡತಿಗೂ ಒಂದು ಮಾಡಿಸಿದ. ಆಮೇಲೆ ನಾನು ಹಾರಾಡುವುದನ್ನು ಬಿಟ್ಟೆ.

ಬೋರಣ್ಣ ಬಸ್ಸಿನ ಚಾವಣಿಗಿಂತ ಒಂದು ಗೇಣು ಹೆಚ್ಚೇ ಉದ್ದವಿದ್ದ. ಜೀವಮಾನವೆಲ್ಲ ಕುತ್ತಿಗೆ ಬಗ್ಗಿಸಿ ಅಭ್ಯಾಸವಾಗಿ, ಬಸ್ಸಿನಿಂದ ಇಳಿದು ಬಯಲಲ್ಲಿ ನಿಂತಾಗಲೂ ತಲೆ ಬಲಕ್ಕೆ ವಾಲಿಯೇ ಇರುತ್ತಿತ್ತು. ನೋಟುಗಳನ್ನು ಉದ್ದಕ್ಕೆ ಮಡಿಸಿ ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ಕಪ್ಪು ದಾರಕ್ಕೆ ಕಟ್ಟಿದ ಸೀಟಿ ಕತ್ತಿನಲ್ಲಿತ್ತು. ಊದುವುದಕ್ಕಿಂತ ಹೆಚ್ಚಾಗಿ ಹಲ್ಲಿನಲ್ಲಿ ಕಚ್ಚಿಕೊಂಡು ಯೋಚನೆ ಮಾಡಲು ಅದು ಅವನಿಗೆ ಬೇಕಾಗಿತ್ತು. ಗಂಡಸಿಯ ಹತ್ತಿರ ಅವನ ಊರು, ಅಲ್ಲಿ ಒಂದಿಷ್ಟು ತೆಂಗು, ಎರಡು ಎಮ್ಮೆ. ಹಾಲು ಕರೆದು ಬಂದವನು ಬಸ್ಸಿನಲ್ಲೂ ಹಾಲಿನ ವಾಸನೆ ಹೊಡೆಯುತ್ತಿದ್ದ.

ದಾರಿಯ ಊರುಗಳಿಗೆ ಔಷಧಿ, ಹೂವಿನ ಪೊಟ್ಟಣ, ನಾನು ರಿಪೇರಿ ಮಾಡಿದ ಕನ್ನಡಕ ಎಲ್ಲವೂ ಅವನ ಕೈಯಲ್ಲೇ ಹೋಗುತ್ತಿದ್ದವು. ಸಾಮಾನಿನ ಜೊತೆ ಏನಾದರೂ ಹೇಳಿ ಕಳಿಸಿದರೆ ಅದನ್ನು ನಮ್ಮೆದುರೇ ಎರಡು ಸಲ ಒಪ್ಪಿಸುತ್ತಿದ್ದ. "ರಾತ್ರಿ ಮಲಗೋವಾಗ ಡಬ್ಬೀಲಿ ಇಡಬೇಕು, ಲುಂಗೀಲಿ ಒರೆಸಬಾರ್ದು. ಡಬ್ಬೀಲಿ ಇಡಬೇಕು, ಲುಂಗೀಲಿ ಒರೆಸಬಾರ್ದು. ಸರೀನಾ ಸಾರ್?" ಶಾಲೆಯ ಹುಡುಗನ ಹಾಗೆ ಮಗ್ಗಿ ಹೇಳುವುದನ್ನು ಕಂಡು ನಾನೊಮ್ಮೆ ನಕ್ಕೆ. ಅವನು ನಗಲಿಲ್ಲ. "ಒಂದ್ಸಲ ಅರ್ಧ ಮಾತು ನುಂಗ್ಬುಟ್ಟೆ ಸಾರ್. ಇನ್ನೂ ಗಂಟ್ಲಲ್ಲೇ ಐತೆ" ಎಂದ.

ಆ ಅರ್ಧ ಮಾತಿನ ಕಥೆ ಹೀಗಿದೆ. ಜಾವಗಲ್ ದಾಟಿದ ಮೇಲೆ ಒಂದು ಹೊಸಹಳ್ಳಿ ಗೇಟ್ ಸಿಗುತ್ತದೆ. ರಸ್ತೆಯ ಎಡಕ್ಕೆ ರುದ್ರಪ್ಪನವರ ಊರು, ಬಲಕ್ಕೆ ಶಿವನಂಜಪ್ಪನವರ ಊರು. ಇಬ್ಬರದೂ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅರಸೀಕೆರೆಯಲ್ಲಿ ಕೊಬ್ಬರಿ ಹರಾಜಿನ ದಿನ ಒಟ್ಟಿಗೆ ಬಂದು, ಒಂದೇ ಹೋಟೆಲಿನಲ್ಲಿ ಉಂಡು, ಸಂಜೆ ಬೋರಣ್ಣನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ವಾಪಸಾಗುವ ಗೆಳೆಯರು. ಇಬ್ಬರಲ್ಲಿ ಟಿಕೆಟ್ ಯಾರು ತೆಗೆಯಬೇಕೆಂದು ಪ್ರತಿ ಸಲವೂ ಜಗಳ. ರುದ್ರಪ್ಪನವರಿಗೆ ಮಗಳು ಗಿರಿಜೆಯ ಮದುವೆ ಗೊತ್ತಾಯಿತು. ಕಾರ್ಡುಗಳು ಅರಸೀಕೆರೆಯ ಪ್ರೆಸ್ಸಿನಿಂದ ಬಂದ ದಿನ, ಅವರು ಅಲ್ಲಿಂದಲೇ ತಿಪಟೂರಿನ ಬೀಗರ ಮನೆಗೆ ಹೋಗಬೇಕಿತ್ತು. ಕಟ್ಟು ಬಿಚ್ಚಿ ಮೊದಲನೆಯ ಕಾರ್ಡನ್ನು ಬೋರಣ್ಣನ ಕೈಗೆ ಕೊಟ್ಟು, "ಶಿವನಂಜ ಸಾಯಂಕಾಲದ ಬಸ್ಸಿಗೆ ಬತ್ತಾನೆ, ಕೊಡು. ಕರೆಯೋದಲ್ಲ ಇದು, ಸುಮ್ನೆ ನೋಡ್ಲಿ ಅಂತ. ಮನೇಗ್ ಬಂದು ಕುಂಕುಮ ಕೊಟ್ಟು ಕರೀತೀನಿ ಅಂತ ಹೇಳು" ಎಂದರು.

ಅವತ್ತು ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಬೋರಣ್ಣ ಜನರ ತಲೆಗಳ ಮೇಲಿಂದ ಕಾರ್ಡು ಚಾಚಿ, "ರುದ್ರಪ್ನೋರು ಕೊಟ್ರು" ಎಂದವನು, ಅಷ್ಟರಲ್ಲಿ ಯಾರೋ ಚಿಲ್ಲರೆಗೆ ಕೂಗಿದ್ದರಿಂದ ಅತ್ತ ತಿರುಗಿದ. ಉಳಿದ ಮಾತು ಉಳಿದೇ ಹೋಯಿತು.

ನಮ್ಮ ಕಡೆ ಮದುವೆಗೆ ಕಾರ್ಡು ಕೊಟ್ಟ ಮಾತ್ರಕ್ಕೆ ಕರೆದಂತಾಗುವುದಿಲ್ಲ. ಗಂಡ ಹೆಂಡತಿ ಮನೆ ಬಾಗಿಲಿಗೆ ಬಂದು, ಕುಂಕುಮ ಕೊಟ್ಟು, "ಎಲ್ಲರೂ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಜೀವದ ಗೆಳೆಯನೇ ಬಸ್ಸಿನಲ್ಲಿ ಪಾರ್ಸಲ್ಲಿನ ಹಾಗೆ ಕಾರ್ಡು ಕಳಿಸಿದ ಎಂದುಕೊಂಡ ಶಿವನಂಜಪ್ಪನವರಿಗೆ ಮೈ ಉರಿದುಹೋಯಿತು. ಎರಡು ದಿನ ಬಿಟ್ಟು ರುದ್ರಪ್ಪ ದಂಪತಿ ಕುಂಕುಮದ ಬಟ್ಟಲು ಹಿಡಿದು ಹೋದಾಗ "ತೋಟಕ್ಕೆ ಹೋಗವ್ರೆ" ಎಂದು ಒಳಗಿನಿಂದ ಹೇಳಿಸಿದರು. ಮದುವೆಗೂ ಹೋಗಲಿಲ್ಲ. ರುದ್ರಪ್ಪನವರೂ ಮಾತು ಬಿಟ್ಟರು. ವಿಷಯ ತಿಳಿದ ಬೋರಣ್ಣ ಇಬ್ಬರ ಮನೆಗೂ ಹೋಗಿ ತನ್ನ ತಪ್ಪು ಹೇಳಿಕೊಂಡ. "ಅವನ್ನ ಉಳಿಸಕೆ ನಿನ್ ತಲೆ ಮ್ಯಾಲೆ ಹಾಕ್ಕಬ್ಯಾಡ, ನಡಿ" ಎಂದರು ಶಿವನಂಜಪ್ಪ. "ನಿಂದು ತಪ್ಪೇ ಇರ್ಲಿ ಕಣೋ. ಮಗಳು ಅವನ ತೊಡೆ ಮ್ಯಾಲೆ ಆಡ್ ಬೆಳೆದದ್ದು. ಕುಂಕುಮ ಬೇಕಿತ್ತಾ ಅವನಿಗೆ?" ಎಂದರು ರುದ್ರಪ್ಪ. ಇಬ್ಬರದೂ ಸರಿಯೇ. ಅದೇ ತೊಂದರೆ.

ಅಂದಿನಿಂದ ಅವರಲ್ಲೊಬ್ಬರು ಮುಂದೆ, ಒಬ್ಬರು ಹಿಂದೆ ಕೂರತೊಡಗಿದರು. ಬೋರಣ್ಣ ಬಿಡಲಿಲ್ಲ. ಹರಾಜಿನ ದಿನ ಬೇರೆ ಯಾರಿಗೆ ಚಿಲ್ಲರೆ ಕೊಟ್ಟರೂ ಅವರಿಬ್ಬರಿಗೆ ಒಂದೇ ನೋಟು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನಲ್ಲಿ ಇಳಿದು ಇಬ್ಬರೂ ಪೆಟ್ಟಿಗೆ ಅಂಗಡಿಗೆ ಹೋಗುತ್ತಿದ್ದರು. ನೋಟು ಇದ್ದವರು ಏನಾದರೊಂದು ಕೊಂಡು, ಮತ್ತೊಬ್ಬರ ಪಾಲನ್ನು ಹಲಗೆಯ ಮೇಲಿಟ್ಟು ಆಕಾಶ ನೋಡುತ್ತಾ ನಿಲ್ಲುತ್ತಿದ್ದರು. ಮತ್ತೊಬ್ಬರು ಅದನ್ನೆತ್ತಿಕೊಂಡು ಹೊರಟುಬಿಡುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ಒಮ್ಮೆ ರುದ್ರಪ್ಪನವರು ನೂರರ ನೋಟು ಕೊಟ್ಟು ಮೆಲ್ಲಗೆ "ಇಬ್ಬರದೂ ತಗೋ" ಎಂದಿದ್ದೂ ಉಂಟು. ಬೋರಣ್ಣ ಹಿಗ್ಗಿ ಹಿಂದಿನ ಸೀಟಿಗೆ ಓಡಿದ. ಶಿವನಂಜಪ್ಪ ಕಣ್ಣು ಕೆಂಪಗೆ ಮಾಡಿ, "ನನ್ ಟಿಕೀಟ್ ನಾನ್ ತಗೊತೀನಿ. ಅವನ ದುಡ್ಡು ಅವನಿಗೆ ಕೊಡು" ಎಂದರು. ಕೈಯಲ್ಲಿದ್ದ ದುಡ್ಡು, ಕೊಡಲೇಬೇಕಾಯಿತು.

"ಯಾಕೆ ಬೋರಣ್ಣ ಇಷ್ಟು ಹಟ?" ಎಂದು ಕೇಳಿದೆ. "ಮಾಲೇಕಲ್ಲು ತಿಮ್ಮಪ್ಪಂಗೆ ಹೇಳ್ಕಂಡಿವ್ನಿ ಸಾರ್, ಇವ್ರು ಮಾತಾಡಿದ್ ದಿನ ಬೆಟ್ಟ ಹತ್ತುತೀನಿ ಅಂತ. ಮಂಡಿ ಹೋಗದ್ರೊಳಗೆ ಆದ್ರೆ ಸಾಕು" ಎಂದ.

ಹೀಗೇ ಐದಾರು ವರ್ಷ ಕಳೆದ ಮೇಲೆ ಬಸ್ಸಿಗೆ ಸ್ಕ್ಯಾನ್ ಮಾಡುವ ಚೀಟಿ ಬಂತು. ಸಾಹುಕಾರರು ಡ್ರೈವರನ ಬೆನ್ನ ಹಿಂದೆ ಒಂದು, ಹಿಂದಿನ ಬಾಗಿಲ ಬಳಿ ಒಂದು ಅಂಟಿಸಿ, ದುಡ್ಡು ಬಂತೆಂದು ಕೂಗಿ ಹೇಳುವ ಒಂದು ಪೆಟ್ಟಿಗೆಯನ್ನೂ ಮುಂದೆ ಕೂರಿಸಿದರು. ಕಾಲೇಜು ಮಕ್ಕಳು ಮೊದಲು ಹಿಡಿದರು, ಅದೇನೂ ಆಶ್ಚರ್ಯವಲ್ಲ. ತಲೆ ನರೆತವರಲ್ಲಿ ಮೊದಲು ಫೋನು ತೆಗೆದವರು ಶಿವನಂಜಪ್ಪ. ಮಗನಿಂದ ಕಲಿತು ಬಂದಿದ್ದರು. ಬೋರಣ್ಣ ಎದುರು ನಿಂತಾಗ ನೋಟಿನ ಬದಲು ಫೋನನ್ನು ಚೀಟಿಗೆ ಹಿಡಿದರು. ಮುಂದಿನಿಂದ ಪೆಟ್ಟಿಗೆ "ಐವತ್ತು ರೂಪಾಯಿ" ಎಂದು ಕೂಗಿತು. ಶಿವನಂಜಪ್ಪ ಮೀಸೆಯಲ್ಲೇ ನಕ್ಕರು. ಬೋರಣ್ಣ ಸೀಟಿ ಕಚ್ಚಿಕೊಂಡ.

ಅವತ್ತೇ ಬೇಲೂರಿನ ಒಬ್ಬ ಹುಡುಗಿ, ಎಂ.ಕಾಂ. ಓದುವವಳು, ಪ್ರಾಜೆಕ್ಟ್ ಕೆಲಸಕ್ಕೆಂದು ಬಸ್ಸಿನಲ್ಲಿ ಎಲ್ಲರನ್ನೂ ಪ್ರಶ್ನೆ ಕೇಳುತ್ತಾ ಬಂದಳು. "ನೀವು ಡಿಜಿಟಲ್ ವಾಲೆಟ್ ಯಾಕೆ ಬಳಸ್ತೀರಾ?" ಸುಲಭ, ಸುರಕ್ಷಿತ, ಸಮಯದ ಉಳಿತಾಯ, ಬಹುಮಾನದ ಆಸೆ, ಇವುಗಳಲ್ಲಿ ಯಾವುದು ಎಂದು ಹೇಳಬೇಕು. ಹೂವಿನ ವ್ಯಾಪಾರದ ಹೆಂಗಸು, ಒದ್ದೆ ಕೈಯಲ್ಲಿ ನೋಟು ಹರಿದುಹೋಗುತ್ತದೆ ಎಂದಳು. ನಾನು, ಗಿರಾಕಿಗಳು ಕೇಳುತ್ತಾರೆ, ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅದಕ್ಕೆ ಎಂದೆ. ನನ್ನ ಹಿಂದಿನ ಸೀಟಿನಲ್ಲಿದ್ದ ಶಿವನಂಜಪ್ಪನವರ ಸರದಿ ಬಂತು. "ಇಳಿದ್ ಮ್ಯಾಲೆ ಯಾರ್ ಮುಖಾನೂ ನೋಡ್ದೆ ಮನೇಗ್ ಹೋಗ್‌ಬೋದು ಕಣಮ್ಮ, ಅದ್ಕೆ" ಎಂದರು. ಹುಡುಗಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಆ ಉತ್ತರಕ್ಕೆ ಜಾಗ ಕಾಣದೆ, "ಸುಲಭ ಅಂತ ಹಾಕ್ಕೊಳ್ಳಾ ತಾತ?" ಎಂದಳು. "ಹಾಕ್ಕ" ಎಂದರು.

ಅದೇ ಸಂಜೆ ರುದ್ರಪ್ಪನವರು ಎಂದಿನಂತೆ ನೂರು ಕೊಟ್ಟರು. ಬೋರಣ್ಣ ಎಲ್ಲಿಂದಲೋ ಒಂದು ಐವತ್ತರ ನೋಟು ತೆಗೆದು ಕೊಟ್ಟ. ಅವರು ಅದನ್ನು ತಿರುವಿ ನೋಡಿ, "ಇದು ನನ್ನೊಬ್ಬಂದೇನಾ?" ಎಂದು ಕೇಳಿದರು. "ಹೂಂ ಯಜಮಾನ್ರೇ, ನಿಮ್ಮೊಬ್ರುದೇ." ಜಾವಗಲ್ಲಿನವರೆಗೂ ಅವರು ಆ ನೋಟನ್ನು ಜೇಬಿಗಿಡಲಿಲ್ಲ. ಗೇಟಿನಲ್ಲಿ ಶಿವನಂಜಪ್ಪ ಸರಸರ ರಸ್ತೆ ದಾಟಿ ಹೋದರು. ರುದ್ರಪ್ಪನವರು ಮಾತ್ರ ಪೆಟ್ಟಿಗೆ ಅಂಗಡಿಯ ಮುಂದೆ, ಕೊಳ್ಳುವುದಕ್ಕೆ ಏನೂ ಇಲ್ಲದೆ, ಸ್ವಲ್ಪ ಹೊತ್ತು ನಿಂತಿದ್ದರು. ಬಾಯಿಬಿಡದಿದ್ದರೂ ಅಷ್ಟು ದಿನ ಆ ಹಲಗೆಯ ಮುಂದೆ ಇಬ್ಬರು ನಿಲ್ಲುತ್ತಿದ್ದರಲ್ಲ. ಅದೂ ತಪ್ಪಿತು. ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತ ಬಸ್ಸಿನ ಕಾಲವೂ ಮುಗಿಯುತ್ತಾ ಬಂದಿತ್ತು. ಹೆಂಗಸರೆಲ್ಲ ಪುಕ್ಕಟೆ ಟಿಕೆಟ್ಟಿನ ಸರ್ಕಾರಿ ಬಸ್ಸಿಗೆ ಹೋದರು, ಅವರ ಹಿಂದೆ ಗಂಡಂದಿರೂ ಹೋದರು. ದೀಪಾವಳಿ ಕಳೆದರೆ ಬಸ್ಸು ಮಾರುವುದಾಗಿ ಸಾಹುಕಾರರು ಹೇಳಿಬಿಟ್ಟಿದ್ದರು. ಬೋರಣ್ಣ ಬೇರೆ ಕೆಲಸದ ಚಿಂತೆ ಮಾಡಿದ್ದನ್ನು ನಾನು ಕಾಣೆ. "ಬಸ್ ನಿಲ್ಲದ್ರೊಳಗೆ ಇವ್ರಿಬ್ರುನ್ನ ಒಂದ್ ಮಾಡ್ಬೇಕಲ್ಲ ಸಾರ್" ಎಂದೇ ಕೊರಗುತ್ತಿದ್ದ.

ಒಂದು ಹರಾಜಿನ ದಿನ ರುದ್ರಪ್ಪನವರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಕೈಯಲ್ಲಿ ಹೊಸ ಫೋನು.

"ಇದ್ರಾಗಿನ ಅಕ್ಷರ ಕಾಣ್ಬೇಕು ಕಣ್ರೀ. ಬೋರಣ್ಣ ಕಳಿಸ್ದ."

"ನೀವು ನೋಟು ಕೊಡೋರಲ್ವಾ ಯಜಮಾನ್ರೇ? ಈಗ ಫೋನ್ ಯಾಕೆ?"

"ನೋಟು ವಾಪಸ್ ಬತ್ತದೆ" ಎಂದರು. "ಒಂದ್ಸಲ ಬಂತಲ್ಲ. ಫೋನಲ್ಲಿ ಹೋದದ್ದು ನೇರ ಸಾಹುಕಾರ್ರಿಗೇ ಹೋಗ್ತದಂತೆ, ಕಂಡಕ್ಟ್ರು ವಾಪಸ್ ಕೊಡಕೆ ಆಗಕಿಲ್ವಂತೆ. ಬೋರಣ್ಣ ಹೇಳ್ದ."

ಆ ಹುಡುಗಿಯ ಹಾಳೆಯಲ್ಲಿ ಇದಕ್ಕೂ ಜಾಗವಿರಲಿಲ್ಲ. ಕಣ್ಣು ಪರೀಕ್ಷೆ ಮಾಡಿ, ಹತ್ತಿರದ ನೋಟಕ್ಕೆ ಸರಿಯಾದ ಗಾಜು ಹಾಕಿಕೊಟ್ಟೆ. ಅವರು ಫೋನನ್ನು ಕಣ್ಣೆದುರು ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದರು.

ಮುಂದಿನ ಹರಾಜಿನ ಸಂಜೆ, ಬಸ್ಸು ಇನ್ನೂ ಅರಸೀಕೆರೆ ನಿಲ್ದಾಣದಲ್ಲಿರುವಾಗಲೇ ಪೆಟ್ಟಿಗೆ "ನೂರು ರೂಪಾಯಿ" ಎಂದಿತು. ಹಿಂದೆ ಶಿವನಂಜಪ್ಪ ಫೋನು ತೆಗೆಯುತ್ತಿದ್ದರು. ಬೋರಣ್ಣ ಅವರ ಎದುರು ಬಗ್ಗಿ ನಿಂತು, "ನಿಮ್ದು ಆಗೈತೆ ಯಜಮಾನ್ರೇ" ಎಂದ.

"ಯಾರ್ ಮಾಡಿದ್ದು?"

ಬೋರಣ್ಣ ಗಲ್ಲದಿಂದಲೇ ಮುಂದಿನ ಸೀಟು ತೋರಿಸಿದ.

"ವಾಪಸ್ ಕೊಡು ಅವನಿಗೆ."

"ಎಲ್ಲಿಂದ್ ಕೊಡ್ಲಿ? ನನ್ ಕೈಗೇ ಬಂದಿಲ್ಲ. ಬೇಕಾದ್ರೆ ಸಾಹುಕಾರ್ರನ್ನ ಕೇಳಿ."

ಶಿವನಂಜಪ್ಪ ಫೋನನ್ನು ಜೇಬಿಗೆ ತುರುಕಿದರು. ಇನ್ನೊಬ್ಬನ ಋಣದಲ್ಲಿ ಪ್ರಯಾಣ ಮಾಡಿದ ಮುಖ ಹೊತ್ತು ಗೇಟಿನಲ್ಲಿ ಇಳಿದು ಹೋದರು. ಅದರ ಮುಂದಿನ ಹರಾಜಿಗೆ ಅವರೇ ಮೊದಲು ಬಂದು ಹಿಂದಿನ ಚೀಟಿಗೆ ನೂರು ಹಾಕಿ, "ಅವನಿಗೆ ಹೇಳು, ಆಗೈತೆ ಅಂತ" ಎಂದರು. ರುದ್ರಪ್ಪ ಟಿಕೆಟ್ಟನ್ನು ಜೇಬಿಗಿಟ್ಟುಕೊಂಡರು. ಇದು ಸೇಡೋ ಸ್ನೇಹವೋ ಬಸ್ಸಿನಲ್ಲಿ ಯಾರಿಗೂ ತಿಳಿಯಲಿಲ್ಲ. ಟಿಕೆಟ್ ಯಾರು ತೆಗೆಯಬೇಕೆಂಬ ಹಳೆಯ ಜಗಳ ಮಾತಿಲ್ಲದೆ ಮತ್ತೆ ಶುರುವಾದದ್ದಂತೂ ನಿಜ.

ದೀಪಾವಳಿ ಹತ್ತಿರವಿತ್ತು. ಅವತ್ತು ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಸ್ಸು ಹತ್ತಿದರು, ಒಬ್ಬರು ಮುಂದಿನ ಬಾಗಿಲಿನಿಂದ, ಒಬ್ಬರು ಹಿಂದಿನ ಬಾಗಿಲಿನಿಂದ. ಇಬ್ಬರೂ ಫೋನು ತೆಗೆದರು. ಪೆಟ್ಟಿಗೆ "ನೂರು ರೂಪಾಯಿ" ಎಂದಿತು. ಉಸಿರು ಬಿಡುವುದರೊಳಗೆ ಮತ್ತೆ "ನೂರು ರೂಪಾಯಿ" ಎಂದಿತು. ಇಬ್ಬರಿಗೆ ನಾಲ್ಕು ಟಿಕೆಟ್ಟಿನ ದುಡ್ಡು. ಬಸ್ಸಿಗೆ ಬಸ್ಸೇ ನಕ್ಕಿತು. ಬೋರಣ್ಣ ಮಾತ್ರ ನಗದೆ, ದಾರಿಯುದ್ದಕ್ಕೂ ಸೀಟಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ.

ಹೊಸಹಳ್ಳಿ ಗೇಟಿನಲ್ಲಿ ಇಬ್ಬರೂ ಇಳಿದರು. ಅವರ ಹಿಂದೆಯೇ ಬೋರಣ್ಣನೂ ಇಳಿದ. ಬೆರಳ ಸಂದಿಯಿಂದ ಉದ್ದಕ್ಕೆ ಮಡಿಸಿದ ಒಂದು ನೂರರ ನೋಟು ತೆಗೆದು ಶಿವನಂಜಪ್ಪನವರ ಕೈಗಿಟ್ಟು, ರುದ್ರಪ್ಪನವರ ಭುಜ ಮುಟ್ಟಿದ. "ಜಾಸ್ತಿ ಬಂದಿರೋ ದುಡ್ಡು. ಸಾಹುಕಾರ್ರಿಗೆ ನಾನ್ ಹೇಳ್ಕತೀನಿ. ನೀವ್ ನೀವೇ ನೋಡ್ಕಳಿ" ಎಂದ. ಹಾಗೆಂದವನು ಬಸ್ಸು ಹತ್ತಿದ, ಸೀಟಿ ಊದಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಹಿಂದಿನಿಂದ ಯಾರೋ "ಏನ್ಲಾ ಬೋರಾ, ಹೊರಡಾಕಿಲ್ವಾ?" ಎಂದು ಗದರಿದರು. ಬೋರಣ್ಣ ಬಾಗಿಲ ಕಂಬಿ ಹಿಡಿದು ಅಲ್ಲಾಡದೆ ನಿಂತಿದ್ದ.

ಪೆಟ್ಟಿಗೆ ಅಂಗಡಿ ನನ್ನ ಕಿಟಕಿಯ ನೇರಕ್ಕಿತ್ತು. ಶಿವನಂಜಪ್ಪ ಎಲೆ ಅಡಿಕೆ ಕೊಂಡರು. ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಐವತ್ತನ್ನು ಬೇರೆ ಮಾಡಿ ಹಲಗೆಯ ಮೇಲಿಡಲು ಹೋದವರು ಇಡದೆ, ಕೈಯಲ್ಲೇ ಹಿಡಿದು ನಿಂತರು. ಆಮೇಲೆ ರಸ್ತೆಯ ಕಡೆ ನೋಡುತ್ತಾ, "ಗಿರಿಜಂಗೆ ಎಷ್ಟ್ ಮಕ್ಳು ಲಾ?" ಎಂದರು.

ರುದ್ರಪ್ಪ ಇತ್ತ ತಿರುಗಿದರು. "ಎಲ್ಡು. ದೊಡ್ಡದು ಇಸ್ಕೂಲ್‌ಗೆ ಹೋಯ್ತದೆ."

"ಯಾರಂಗೈತೆ?"

"ಅವರಜ್ಜಿಯಂಗೆ. ಬಾಯಿ ಜೋರು."

ಬೋರಣ್ಣ ಸೀಟಿ ಊದಿದ. ಅಷ್ಟು ಉದ್ದಕ್ಕೆ ಊದಿದ್ದನ್ನು ಹಿಂದೆಂದೂ ಕೇಳಿರಲಿಲ್ಲ. ಹಳೇಬೀಡಿನವರೆಗೆ ಅವನು ಮತ್ತೆ ಮತ್ತೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಅದೇ ವಾರ ಮಂಡಿಗೆ ಬಟ್ಟೆ ಸುತ್ತಿಕೊಂಡು ಮಾಲೇಕಲ್ಲು ಬೆಟ್ಟ ಹತ್ತಿ ಬಂದು, ಬಸ್ಸಿನಲ್ಲಿ ಎಲ್ಲರಿಗೂ ಪ್ರಸಾದ ಕೊಟ್ಟ.

ಹಬ್ಬದ ಮೇಲೆ ಬಸ್ಸು ಹೋಯಿತು. ಬೋರಣ್ಣ ಊರಲ್ಲಿ ಎಮ್ಮೆಗಳ ಜೊತೆ ಉಳಿದ. ಒಮ್ಮೆ ಮಾತ್ರ ಅಂಗಡಿಗೆ ಬಂದಿದ್ದ, ಅವನಿಗೂ ಕನ್ನಡಕ ಬೇಕಾಗಿತ್ತು. ಟಿಕೆಟ್ಟಿನ ಆ ಸಣ್ಣ ಅಕ್ಷರವನ್ನು ಇಷ್ಟು ವರ್ಷ ಹೇಗೆ ಓದುತ್ತಿದ್ದೆ ಎಂದರೆ, "ಓದ್ತಿರ್ಲಿಲ್ಲ ಸಾರ್, ಜನದ ಮುಖ ನೋಡಿ ಹರೀತಿದ್ದೆ" ಎಂದ. ದುಡ್ಡು ಕೊಡಹೋದ. ಬೇಡ ಎಂದೆ. ಬಲವಂತ ಮಾಡಲಿಲ್ಲ, ತಲೆ ವಾಲಿಸಿಕೊಂಡೇ ಹೋದ. ಆಮೇಲೆ ನಾನವನನ್ನು ನೋಡಲಿಲ್ಲ. ಮಳೆಗಾಲದ ಕೊನೆಯಲ್ಲಿ, ಎಮ್ಮೆಗೆ ಹುಲ್ಲು ಹಾಕುತ್ತಾ ಕುಸಿದು ಕೂತವನು ಏಳಲಿಲ್ಲ ಎಂದು ಸುದ್ದಿ ಬಂತು.

ತಿಥಿಯ ದಿನ ಅಂಗಡಿ ಮುಚ್ಚಿ ಗಂಡಸಿಯ ಬಸ್ಸು ಹತ್ತಿದೆ. ತುಂಬಿದ ಬಸ್ಸು. ಹೊಸ ಕಂಡಕ್ಟರ್, ನನಗೆ ಗುರುತಿಲ್ಲದವನು, ಹತ್ತಿರ ಬಂದಾಗ ಫೋನು ತೆಗೆದೆ. "ನಿಮ್ದು ಆಗೈತೆ ಸಾರ್" ಎಂದು ಟಿಕೆಟ್ ಕೊಟ್ಟು ಮುಂದೆ ಹೋದ. "ಯಾರಪ್ಪ ಮಾಡಿದ್ದು?" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ.

ತಿರುಗಿ ನೋಡಿದೆ. ಹಿಂದಿನ ಸೀಟೊಂದರಲ್ಲಿ ರುದ್ರಪ್ಪನವರೂ ಶಿವನಂಜಪ್ಪನವರೂ ಪಕ್ಕಪಕ್ಕದಲ್ಲಿ ಕೂತಿದ್ದರು. ಒಬ್ಬರ ತೊಡೆಯ ಮೇಲೆ ಬಾಳೆಹಣ್ಣಿನ ಚಿಪ್ಪು, ಇನ್ನೊಬ್ಬರ ತೊಡೆಯ ಮೇಲೆ ಹೂವಿನ ಪೊಟ್ಟಣ. ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಟಿಕೆಟ್ಟಿನ ದುಡ್ಡನ್ನು ಅವರಲ್ಲಿ ಯಾರಿಗೆ ವಾಪಸ್ ಕೊಡಬೇಕೆಂದು ತಿಳಿಯಲಿಲ್ಲ. ಫೋನನ್ನು ಜೇಬಿಗಿಟ್ಟೆ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡೆ.